ಮೊಗ್ಗು ಚಿವುಟುವ ಕೈ

ಮೊಗ್ಗು ಚಿವುಟುವುದರಲ್ಲಿ ನನ್ನಷ್ಟು ಚುರುಕಿನ ಕೈ ನಮ್ಮ ಊರಿನಲ್ಲಿ ಇನ್ನೊಂದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಆಫ್ರಿಕನ್ ವಯೊಲೆಟ್ ಗಿಡದ ಮೊಗ್ಗು ಹುಟ್ಟುವಾಗ ಸಾಸಿವೆ ಕಾಳಿನಷ್ಟಿರುತ್ತದೆ. ಮೈಯೆಲ್ಲ ರೋಮವಿರುವ ಎಲೆತೊಟ್ಟುಗಳ ಸಂದಿಯಲ್ಲಿ ತಲೆ ತಗ್ಗಿಸಿಕೊಂಡು ಕೂತಿರುತ್ತದೆ. ಅದನ್ನು ಕಣ್ಣಿನಿಂದ ಹುಡುಕಿದರೆ ಸಿಗುವುದಿಲ್ಲ, ಬೆರಳ ತುದಿಯಿಂದ ಹುಡುಕಬೇಕು. ಉಗುರು ತಾಗಿಸಿ ಪಕ್ಕಕ್ಕೆ ತಿರುವಿದರೆ ಸದ್ದಿಲ್ಲದೆ ಕೈಗೆ ಬರುತ್ತದೆ. ಗಿಡದ ಒಡೆಯರಿಗೆ ಗೊತ್ತೇ ಆಗುವುದಿಲ್ಲ. ಏಳು ವರ್ಷ ನಾನು ಮಾಡಿದ ಕೆಲಸ ಇದು.

ನಮ್ಮ ಊರಿನಲ್ಲಿ ಯಾರ ಗಿಡದಲ್ಲಿ ಹೂವಿದೆಯೋ ಅವರ ಮಾತು ಮಾತ್ರ ಸಭೆಗೆ ಕೇಳಿಸುತ್ತದೆ. ಮಗುವಿಗೆ ಹೆಸರಿಡುವ ದಿನ ತಾಯಿಯ ಗಿಡದಿಂದ ಒಂದು ಎಲೆ ತೆಗೆದು, ತೊಟ್ಟನ್ನು ಓರೆಯಾಗಿ ಕತ್ತರಿಸಿ, ಮರಳು ಬೆರೆಸಿದ ಮಣ್ಣಿಗೆ ಚುಚ್ಚುತ್ತಾರೆ. ಎರಡು ತಿಂಗಳಿಗೆ ಬುಡದಲ್ಲಿ ಇಲಿಕಿವಿಯಂಥ ಮರಿಗಳು ಏಳುತ್ತವೆ. ಅದರಲ್ಲಿ ಗಟ್ಟಿಯಾದದ್ದು ಮಗುವಿನದು. ಸಾಯುವ ತನಕ ಅದೇ ಅವರ ಗಿಡ. ಸಭಾಮನೆಗೆ ಹೋಗುವಾಗ ಕುಂಡ ಎತ್ತಿಕೊಂಡು ಹೋಗಿ ಮುಂದಿಟ್ಟುಕೊಂಡು ಕೂರಬೇಕು. ಒಂದೇ ಒಂದು ಹೂವಿದ್ದರೂ ಗುಮಾಸ್ತೆ ತಿಮ್ಮರಸಯ್ಯ ನಿಮ್ಮ ಕಡೆ ತಿರುಗುತ್ತಾನೆ, ನೀವು ಅಂದದ್ದನ್ನು ಬರೆದುಕೊಳ್ಳುತ್ತಾನೆ. ಹೂವಿಲ್ಲದಿದ್ದರೆ ನೀವು ಗಂಟಲು ಹರಿದುಕೊಂಡರೂ ಅವನು ಕಿವಿ ಕೆರೆದುಕೊಳ್ಳುತ್ತ ಕಿಟಕಿಯಾಚೆ ನೋಡುತ್ತಾನೆ. ನಮ್ಮಲ್ಲಿ ಯಾರಿಗೂ ಇದು ವಿಚಿತ್ರ ಅನ್ನಿಸಿದ್ದಿಲ್ಲ.

ಈ ಗಿಡಕ್ಕೆ ಬಿಸಿಲು ತಾಗಬಾರದು, ಆದರೆ ಬೆಳಕು ಧಾರಾಳ ಬೇಕು. ಮೇಲಿನ ಬೀದಿಯ ಮನೆಗಳಿಗೆ ಪೂರ್ವಕ್ಕೆ ಅಗಲವಾದ ಕಿಟಕಿಗಳು, ತೆಳ್ಳನೆಯ ಪರದೆಗಳು. ಅವರ ಗಿಡಗಳು ವರ್ಷವಿಡೀ ಹೂ ಹೊತ್ತುಕೊಂಡೇ ಇರುತ್ತವೆ. ನಮ್ಮ ಕೆಳಬೀದಿಯ ಮನೆಗಳು ಮೇಲಿನ ಬೀದಿಯ ಅಚ್ಯುತಯ್ಯನ ಗೋಡೌನಿನ ಹಿಂಗೋಡೆಗೆ ಮುಖ ಮಾಡಿಕೊಂಡಿವೆ. ದಿನಕ್ಕೆ ಎರಡು ಗಂಟೆ, ಮಧ್ಯಾಹ್ನ, ಗೋಡೆಯ ಮೇಲಿನಿಂದ ಬೆಳಕು ಇಳಿಯುತ್ತದೆ. ಅಷ್ಟರಲ್ಲೇ ಹಪ್ಪಳ ಒಣಗಬೇಕು, ಬಾಣಂತಿಯ ತಲೆ ಒಣಗಬೇಕು, ಮಕ್ಕಳು ಓದಬೇಕು. ಗಿಡಕ್ಕೆ ಅದು ಸಾಲದು. ಹಾಗಾಗಿ ನಮ್ಮವರೆಲ್ಲ ಕುಂಡಗಳನ್ನು ಕಿಟಕಿಮನೆಯಲ್ಲಿ ಬಿಡುತ್ತಿದ್ದರು. ಕಿಟಕಿಮನೆ ಅಂದರೆ ಸುತ್ತಲೂ ಕಿಟಕಿಗಳಿರುವ ಗಿಡಗಳ ಮನೆ, ಇಡೀ ಊರಿನದು. ನೋಡಿಕೊಳ್ಳುವವರು ಚಂದ್ರಾಂಬ, ಅಚ್ಯುತಯ್ಯನ ಸ್ವಂತ ಅಕ್ಕ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಎದ್ದು ನಿಂತು ಪಾಠ ಓದು ಅಂದರೆ ನನಗೆ ಬಾಯಿ ಬರುತ್ತಿರಲಿಲ್ಲ. ಮೇಷ್ಟ್ರು ಮೂರು ತಿಂಗಳು ಬೆಂಚಿನ ಮೇಲೆ ನಿಲ್ಲಿಸಿದರು, ನಾಲ್ಕನೇ ತಿಂಗಳು ನಾನೇ ಹೋಗಲಿಲ್ಲ. ಅವ್ವ ಹೋಗಿ ಆಗಲೇ ಐದು ವರ್ಷವಾಗಿತ್ತು. ನನ್ನನ್ನು ಸಾಕಿದ್ದು ಅವ್ವನ ತಂಗಿ ಮಂಚವ್ವ, ನನ್ನ ಚಿಕ್ಕವ್ವ. ಅವಳು ದಸ್ತಗೀರ್ ಮಾಮನ ಟೇಲರ್ ಅಂಗಡಿಯಲ್ಲಿ ಕಾಜ ಹೊಲಿದು ಗುಂಡಿ ಹಾಕುತ್ತಿದ್ದಳು. ಒಂದು ದಿನ ನನ್ನ ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದು ಕಿಟಕಿಮನೆಗೆ ಕರೆದುಕೊಂಡು ಹೋದಳು.

"ಹೆಸರು ದೇವೀರಿ ಅಂತ. ಮಾತು ಕಮ್ಮಿ ತಾಯಿ, ಕೆಲಸ ಚೆಂದಾಗಿ ಮಾಡ್ತಾಳೆ," ಅಂದಳು.

"ಮಾತು ಕಮ್ಮಿ ಇರೋರೇ ಬೇಕು," ಅಂದರು ಚಂದ್ರಾಂಬ.

ಕೆಲಸ ಕಲಿಸಿದ್ದು ಅವರೇ, ಅದನ್ನು ಇಲ್ಲ ಅನ್ನುವುದಿಲ್ಲ. ನೀರನ್ನು ತಟ್ಟೆಗೆ ಹಾಕಬೇಕು, ಎಲೆಯ ಮೇಲೆ ಬೀಳಬಾರದು. ತಣ್ಣೀರು ಬಿದ್ದರೆ ಎಲೆಯಲ್ಲಿ ಬಿಳಿ ಬಳೆಗಳು ಮೂಡುತ್ತವೆ, ಆಮೇಲೆ ಹೋಗುವುದಿಲ್ಲ. ಕುಂಡವನ್ನು ದಿನಕ್ಕೆ ಕಾಲು ಸುತ್ತು ತಿರುಗಿಸಬೇಕು. ಎಲೆಯ ಧೂಳನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆಯಬೇಕು. ವಾರಕ್ಕೊಮ್ಮೆ ಮೇಲಿನ ಬೀದಿಯ ಮನೆಗಳಿಗೂ ಹೋಗಿ ಅವರ ಗಿಡ ನೋಡಿಕೊಳ್ಳಬೇಕು. ಮತ್ತೆ, ಕಿಟಕಿಮನೆಯೊಳಕ್ಕೆ ಹಣ್ಣು ತರಬಾರದು. ನನ್ನ ಮೊದಲ ವಾರದಲ್ಲಿ ಬುತ್ತಿಗೆ ಒಂದು ಮಾಗಿದ ಸೀಬೆಹಣ್ಣು ಕಟ್ಟಿಕೊಂಡು ಹೋಗಿದ್ದೆ. ಚಂದ್ರಾಂಬ ಅದನ್ನು ಮೂಸಿಯೇ ಕಂಡುಹಿಡಿದು ಕೆನ್ನೆಗೆ ಒಂದು ಬಿಟ್ಟರು, ಹಣ್ಣನ್ನು ಬೀದಿಗೆ ಎಸೆದರು. ಯಾಕೆ ಅಂತ ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮೊಗ್ಗು ಚಿವುಟುವುದೂ ಹಾಗೆಯೇ. "ಕೆಳಬೀದಿಯ ಕುಂಡಗಳದ್ದು ಈ ತಿಂಗಳು ಚಿವುಟಿಬಿಡು. ಗಿಡ ಗಟ್ಟಿಯಾಗಲಿ," ಅನ್ನುತ್ತಿದ್ದರು. ಅದರಲ್ಲಿ ಸುಳ್ಳಿಲ್ಲ. ಎಳೆಯ ಗಿಡದ ಮೊಗ್ಗು ತೆಗೆದರೆ ಎಲೆ ಅಗಲವಾಗುತ್ತದೆ, ಬೇರು ದಪ್ಪವಾಗುತ್ತದೆ. ಚಿವುಟಿದ ಗಿಡಗಳು ನೋಡಲು ಚೆನ್ನಾಗಿಯೇ ಇರುತ್ತಿದ್ದವು. ನಮ್ಮವರು ಬಂದು ಎಲೆ ಸವರಿ ಸಂತೋಷಪಟ್ಟು ಹೋಗುತ್ತಿದ್ದರು. ಹೂವಿಲ್ಲವಲ್ಲ ಅಂದರೆ ಚಂದ್ರಾಂಬ ನಿಟ್ಟುಸಿರು ಬಿಟ್ಟು, "ಏನು ಮಾಡೋಣ, ನಿಮ್ಮ ಬೀದಿಯವರ ಕೈಗುಣ," ಅನ್ನುತ್ತಿದ್ದರು. ಕೆಲವು ತಿಂಗಳು ಚಿವುಟು ಅನ್ನುತ್ತಿರಲಿಲ್ಲ. ಆಗ ನಲವತ್ತು ಕುಂಡಗಳಲ್ಲೂ ಹೂ ಬಂದು, ಇಡೀ ಕೆಳಬೀದಿ ನೋಡಲು ಬರುತ್ತಿತ್ತು. ಆ ತಿಂಗಳುಗಳಲ್ಲಿ ಸಭೆ ಇರುತ್ತಿರಲಿಲ್ಲ. ಎಲ್ಲವನ್ನೂ ಗಮನಿಸುವವಳು ಅಂತ ನನ್ನ ಬಗ್ಗೆ ನನಗೊಂದು ಹೆಮ್ಮೆ ಇತ್ತು. ಏಳು ವರ್ಷ ನಾನು ಇದೊಂದನ್ನು ಗಮನಿಸಲಿಲ್ಲ.

ನನ್ನ ಗಿಡದ ಮೊಗ್ಗನ್ನು ಮಾತ್ರ ಯಾರೂ ಹೇಳದೆ ನಾನೇ ಚಿವುಟುತ್ತಿದ್ದೆ. ಹೂ ಬಂದರೆ ಸಭೆಗೆ ಕರೆಯುತ್ತಾರೆ, ಜನ ತಿರುಗಿ ನೋಡುತ್ತಾರೆ, ಏನಾದರೂ ಹೇಳು ಅನ್ನುತ್ತಾರೆ. ಅದರ ಹೂವಿನ ಬಣ್ಣ ಯಾವುದು ಅಂತ ಇಪ್ಪತ್ತು ವರ್ಷವಾದರೂ ನನಗೆ ಗೊತ್ತಿರಲಿಲ್ಲ.

ಆ ದಿನ ಸಭೆಗೆ ನಾನು ಹೋದದ್ದು ಕುಂಡಗಳ ಗಾಡಿ ತಳ್ಳಿಕೊಂಡು. ನಲವತ್ತು ಗಿಡ, ಒಂದರಲ್ಲೂ ಹೂವಿಲ್ಲ. ಮೂರು ವಾರದ ಹಿಂದೆ ನಾನೇ ಚಿವುಟಿದ್ದೆ. ನಮ್ಮವರು ತಂತಮ್ಮ ಕುಂಡ ಮುಂದಿಟ್ಟುಕೊಂಡು ಹಿಂದಿನ ಸಾಲುಗಳಲ್ಲಿ ಕೂತರು. ಮುಂದಿನ ಸಾಲಿನಲ್ಲಿ ಮೇಲಿನ ಬೀದಿಯ ಹನ್ನೊಂದು ಜನ, ಮುಂದೆ ಹೂ ತುಂಬಿದ ಹನ್ನೊಂದು ಕುಂಡ. ತಿಮ್ಮರಸಯ್ಯ ಎದ್ದು ಓದಿದ: ಅಚ್ಯುತಯ್ಯನವರು ಗೋಡೌನಿನ ಮೇಲೆ ಇನ್ನೆರಡು ಅಂತಸ್ತು ಕಟ್ಟಲು ಅಪ್ಪಣೆ ಕೇಳಿದ್ದಾರೆ.

ಬಾಗಿಲ ಹತ್ತಿರ ನಿಂತಿದ್ದ ನನಗೆ ನಮ್ಮವರ ಬೆನ್ನುಗಳು ಸೆಟೆದದ್ದು ಕಾಣಿಸಿತು. ಇನ್ನೆರಡು ಅಂತಸ್ತು ಎದ್ದರೆ ಕೆಳಬೀದಿಗೆ ಆ ಎರಡು ಗಂಟೆಯ ಬೆಳಕೂ ಇಲ್ಲ. ಚಿಕ್ಕವ್ವ ಎದ್ದು ನಿಂತಳು.

"ಬ್ಯಾಡ ಸ್ವಾಮಿ. ನಮ್ಮ ಬೀದಿಗೆ ಇರೋದೇ ಎರಡು ಗಂಟೆ ಬೆಳಕು. ಅದನ್ನೂ ಕಿತ್ಕಂಡ್ರೆ ನಮ್ಮ ಮಕ್ಳು ಕತ್ಲಲ್ಲಿ ಬೆಳೀಬೇಕಾ?"

ತಿಮ್ಮರಸಯ್ಯ ಕಿವಿ ಕೆರೆದುಕೊಂಡು ಕಿಟಕಿಯಾಚೆ ನೋಡಿದ. ಚಿಕ್ಕವ್ವ ಇನ್ನೂ ಜೋರಾಗಿ ಹೇಳಿದಳು. ಹೇಳುತ್ತ ಹೇಳುತ್ತ ಅವಳ ದನಿ ಒಡೆಯಿತು. ಪಕ್ಕದಲ್ಲಿ ಕೂತಿದ್ದ ಸಿದ್ದಜ್ಜಿ, ನಮ್ಮ ಬೀದಿಯಲ್ಲೇ ಹಿರಿಯಳು, ಅವಳ ಸೆರಗು ಹಿಡಿದು ಎಳೆದಳು.

"ಕೂತ್ಕಳೆ ಮಂಚವ್ವ. ಆ ಕಂಬಕ್ಕಾದ್ರೂ ಹೇಳು, ಕೇಳಿಸ್ಕಂಡಾತು. ಅದ್ಸರಿ, ಅಚ್ಯುತಯ್ಯನ ವಿಗ್ಗು ನೋಡೇ, ಎಡಕ್ಕೆ ಜಾರ್ಬುಟ್ಟೈತೆ."

ಮುಂದಿನ ಸಾಲಿನಲ್ಲಿ ಅಚ್ಯುತಯ್ಯನ ಎಡಗೈ ತಟ್ಟನೆ ತಲೆಗೆ ಹೋಯಿತು. ವಿಗ್ಗನ್ನು ಬಲಕ್ಕೆ ಸರಿಸಿಕೊಂಡು ಕೈ ಇಳಿಯಿತು.

ಸಿದ್ದಜ್ಜಿ ನಕ್ಕಳು, ನಮ್ಮವರು ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಎದೆಯೊಳಗೆ ಏನೋ ಕಾದ ಬಾಣಲೆಯಂತೆ ಕೂತುಬಿಟ್ಟಿತು. ಇವರಿಗೆ ಕೇಳಿಸುತ್ತದೆ. ಹೂವಿಲ್ಲದವರ ಮಾತೂ ಕೇಳಿಸುತ್ತದೆ. ಅಜ್ಜಂದಿರ ಕಾಲದಿಂದಲೂ ಕೇಳಿಸುತ್ತಲೇ ಇದೆ.

ಸಭೆಯಲ್ಲಿ ಯಾವ ವಿಷಯವನ್ನೂ ಎರಡು ಸಲ ಓದುತ್ತಾರೆ, ಮೂರು ತಿಂಗಳ ಅಂತರದಲ್ಲಿ. ಎರಡನೇ ಓದಿನಲ್ಲಿ ಬೇಡ ಅನ್ನುವವರು ಹೆಚ್ಚಿದ್ದರೆ ವಿಷಯ ಬಿದ್ದುಹೋಗುತ್ತದೆ. ಬೇಕು ಅನ್ನುವವರು ಹೆಚ್ಚಿದ್ದರೆ ಮಾರನೇ ದಿನವೇ ಕಟ್ಟಡ ಶುರು. ಮೊದಲ ಓದಿನಲ್ಲಿ ಬೇಕು ಅಂದವರು ಹನ್ನೊಂದು, ಬೇಡ ಅಂದವರು ಯಾರೂ ಇಲ್ಲ ಅಂತ ಬರೆಯಲಾಯಿತು.

ಮಾರನೇ ಬೆಳಿಗ್ಗೆ ಚಂದ್ರಾಂಬ ಕಾಫಿ ಕುಡಿಯುತ್ತಿದ್ದಾಗ ಅವರ ಎದುರು ಹೋಗಿ ನಿಂತೆ. ಏಳು ವರ್ಷದಲ್ಲಿ ನಾನಾಗಿ ಅವರನ್ನು ಕೇಳಿದ ಮೊದಲ ಮಾತು ಅದು.

"ನಮ್ಮವರ ಗಿಡದ ಮೊಗ್ಗು ಯಾಕೆ ಚಿವುಟಿಸಿದ್ರಿ?"

"ಗಿಡ ಗಟ್ಟಿಯಾಗಲಿ ಅಂತ."

"ನಿಮ್ಮ ಗಿಡದ್ದು ಯಾಕೆ ಚಿವುಟಿಸ್ಲಿಲ್ಲ?"

ಅವರು ಲೋಟ ಕೆಳಗಿಟ್ಟು ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು. ಕೋಪ ಮಾಡಿಕೊಳ್ಳಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟದ್ದು.

"ನಮ್ಮದು ಆಗಲೇ ಗಟ್ಟಿಯಾಗಿದೆಯಲ್ಲ," ಅಂದರು. "ನಾಳೆಯಿಂದ ಬರಬೇಡ. ಕೈ ಚೆನ್ನಾಗಿತ್ತು ನಿಂದು."

ಮನೆಗೆ ಬಂದು, ಮೊಗ್ಗು ಚಿವುಟಿದ್ದನ್ನೆಲ್ಲ ಚಿಕ್ಕವ್ವನಿಗೆ ಹೇಳಿದೆ. ಹೇಳದೆ ಇರಬಹುದಿತ್ತು. ಆದರೆ ನಮ್ಮವರು ತಮ್ಮ ಕೈಗುಣವನ್ನೇ ಬೈದುಕೊಳ್ಳುತ್ತ ಕೂತದ್ದನ್ನು ನೋಡಲು ಆಗಲಿಲ್ಲ. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಸಿದ್ದಜ್ಜಿ ಬಾಗಿಲಿಗೆ ಬಂದು, "ನನ್ ಗಿಡದ್ದೂನಾ?" ಅಂದಳು. ಹೂಂ ಅಂದೆ. "ನನ್ ಮಗನ್ ಜಾಗ ಹೋಯ್ತಲ್ಲ, ಆ ವಿಚಾರ ಸಭೇಲಿ ಬಂದಾಗ್ಲೂನಾ?" ಅದಕ್ಕೂ ಹೂಂ ಅಂದೆ. ಅವಳು ಬೈಯಲಿಲ್ಲ. ನನ್ನ ಬಲಗೈ ಎತ್ತಿ ಹೆಬ್ಬೆರಳು, ತೋರುಬೆರಳು ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿ, ಬಿಟ್ಟು ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಚಿಕ್ಕವ್ವ ಎರಡು ದಿನ ನನ್ನ ಊಟ ಮುಚ್ಚಿಟ್ಟು ಅಂಗಡಿಗೆ ಹೋದಳು. ಮೂರನೇ ದಿನ ಊಟಕ್ಕೆ ಬಡಿಸುತ್ತ, ತಟ್ಟೆ ನೋಡುತ್ತಲೇ ಅಂದಳು. "ಚಿವುಟಿದ್ ಕೈಯೇ ಬೆಳಸ್ಲಿ. ಮೂರು ತಿಂಗ್ಳೈತೆ."

ಕಿಟಕಿಮನೆಯಿಂದ ಕುಂಡಗಳನ್ನು ಬಿಡಿಸಿಕೊಂಡು ಬಂದದ್ದಾಯಿತು. ಇಡುವುದೆಲ್ಲಿ? ಬೀದಿಯ ಯಾವ ಮನೆಯಲ್ಲೂ ಬೆಳಕಿಲ್ಲ. ಚಿಕ್ಕವ್ವನಿಗೆ ಬುತ್ತಿ ಕೊಡಲು ಟೇಲರ್ ಅಂಗಡಿಗೆ ಹೋದಾಗ ನಾನೊಂದು ನೋಡಿದೆ. ಹೊಲಿಗೆ ಯಂತ್ರಗಳ ಮೇಲೆ ಸಾಲಾಗಿ ಆರು ಟ್ಯೂಬ್‌ಲೈಟು, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರ ತನಕ ಉರಿಯುತ್ತವೆ. ಹಿಂದಿನ ಗೋಡೆಯ ಬಿರುಕಿನಲ್ಲಿ ತಾನಾಗಿಯೇ ಹುಟ್ಟಿದ ಒಂದು ಜರಿಗಿಡವಿತ್ತು. ಅದು ಬಾಗಿಲ ಕಡೆ ತಿರುಗಿರಲಿಲ್ಲ. ಮೈಯೆಲ್ಲ ಟ್ಯೂಬ್‌ಲೈಟಿನ ಕಡೆಗೆ ಬಾಗಿಸಿಕೊಂಡಿತ್ತು. ನಾನು ಅದನ್ನೇ ನೋಡುತ್ತ ನಿಂತದ್ದನ್ನು ದಸ್ತಗೀರ್ ಮಾಮ ಕನ್ನಡಕದ ಮೇಲಿನಿಂದ ನೋಡಿದ.

"ಏನ್ ಬೇಟಿ, ಆ ಕಳೆಗಿಡಕ್ಕೆ ಲಂಗ ಹೊಲಿಸ್ತೀಯಾ?"

ಬೆರಳಿನಿಂದ ಟ್ಯೂಬ್‌ಲೈಟು ತೋರಿಸಿದೆ, ಆಮೇಲೆ ಜರಿಗಿಡ ತೋರಿಸಿದೆ. ಮಾಮನಿಗೆ ಅಷ್ಟು ಸಾಕಾಯಿತು. ಅಂಗಿಬಟ್ಟೆಯ ಸುರುಳಿ ತಾನುಗಳನ್ನೆಲ್ಲ ಕೆಳಗಿಳಿಸಿ ಕಪಾಟು ಖಾಲಿ ಮಾಡಿಸಿದ. ಹಲಗೆಗಳನ್ನು ಟ್ಯೂಬಿನಿಂದ ಒಂದು ಮೊಳ ಕೆಳಗೆ ಬರುವಂತೆ ಎತ್ತರಿಸಿದ. ನಲವತ್ತು ಕುಂಡ, ಜೊತೆಗೆ ನನ್ನದು, ಯಂತ್ರಗಳ ತಲೆಯ ಮೇಲೆ ಕೂತವು.

ಬೆಳಿಗ್ಗೆ ಎಂಟಕ್ಕೆ ಮೊದಲೇ ಅಂಗಡಿಯ ಮುಂದೆ ನಿಂತಿರುತ್ತಿದ್ದೆ. ತಟ್ಟೆ ಇಡಲು ಜಾಗವಿರಲಿಲ್ಲ, ಹಾಗಾಗಿ ಪ್ರತಿ ಕುಂಡದ ತಳದ ತೂತಿನಿಂದ ದಾರ ಪೋಣಿಸಿ ಕೆಳಗಿನ ನೀರಿನ ಡಬ್ಬಕ್ಕೆ ಇಳಿಬಿಟ್ಟೆ. ಮೊದಲು ಹತ್ತಿಯ ದಾರ ಹಾಕಿದೆ, ಎರಡೇ ವಾರಕ್ಕೆ ಕೊಳೆಯಿತು. ಮಾಮ ನೈಲಾನ್ ದಾರದ ಉಂಡೆ ಕೊಟ್ಟ. ಅದು ನೀರನ್ನು ಬೇಕಾದಷ್ಟೇ ಮೇಲಕ್ಕೆ ಎಳೆದುಕೊಂಡಿತು. ಬಟ್ಟೆಯ ನಾರು ಹಾರಿ ಎಲೆಗಳ ರೋಮಕ್ಕೆ ಅಂಟುತ್ತಿತ್ತು. ಮಾಮನ ಹಳೆಯ ಶೇವಿಂಗ್ ಬ್ರಷ್ಷಿನಿಂದ ನಲವತ್ತೊಂದು ಗಿಡದ ಒಂದೊಂದು ಎಲೆಯನ್ನೂ ದಿನಾ ಉಜ್ಜಿದೆ. ಪ್ರೀತಿಯಿಂದ ಮಾಡಿದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹಲ್ಲು ಕಚ್ಚಿಕೊಂಡು ಮಾಡಿದೆ. ಪ್ರತಿ ಎಲೆ ಉಜ್ಜುವಾಗಲೂ ವಿಗ್ಗಿಗೆ ಹೋದ ಆ ಕೈ ಕಣ್ಣಿಗೆ ಬರುತ್ತಿತ್ತು.

ಏಳನೇ ವಾರ ಸಿದ್ದಜ್ಜಿಯ ಗಿಡದಲ್ಲಿ ಮೊದಲ ಮೊಗ್ಗು ಕಾಣಿಸಿತು. ನನ್ನ ಬೆರಳು ಅಭ್ಯಾಸಬಲದಿಂದ ಅಲ್ಲಿಗೆ ಹೋಯಿತು. ಕೈಯನ್ನು ಹಿಂದಕ್ಕೆ ಎಳೆದುಕೊಂಡು ಸೆರಗಿನಲ್ಲಿ ಸುತ್ತಿಕೊಂಡೆ. ಹನ್ನೊಂದನೇ ವಾರಕ್ಕೆ ಮೂವತ್ತಾರು ಕುಂಡಗಳು ಹೂ ಬಿಟ್ಟವು. ತಿಳಿ ನೀಲಿ, ಬಿಳಿ, ನಸುಗೆಂಪು, ಅಂಚಿಗೆ ನೆರಿಗೆ ಇದ್ದವು. ಗಿರಾಕಿಗಳು ಅಳತೆ ಕೊಡುವುದನ್ನು ಮರೆತು ತಲೆ ಎತ್ತಿ ನಿಲ್ಲುತ್ತಿದ್ದರು. ಮೂವತ್ತಾರು ಅಂದರೆ ಹನ್ನೊಂದಕ್ಕಿಂತ ಎಷ್ಟೋ ಹೆಚ್ಚು.

ನನ್ನದೂ ಬಿಟ್ಟಿತು. ಅದನ್ನು ಕೋಟಿನ ಬಟ್ಟೆಯ ತಾನಿನ ಹಿಂದೆ ಯಾರಿಗೂ ಕಾಣದ ಹಾಗೆ ಇಟ್ಟಿದ್ದೆ. ಒಂದೇ ಹೂ. ಏಟು ಬಿದ್ದು ಎರಡು ದಿನವಾದ ಚರ್ಮದ ಬಣ್ಣ, ನಡುವೆ ಹಳದಿ ಚುಕ್ಕೆ. ಅದನ್ನು ಯಾರಿಗೂ ತೋರಿಸಲಿಲ್ಲ. ಮೂವತ್ತಾರು ಜನ ಮಾತಾಡುವಾಗ ನನ್ನದೇನು ಕೆಲಸ ಅಂದುಕೊಂಡೆ.

ಎರಡನೇ ಓದಿನ ಹಿಂದಿನ ದಿನ ಸಂಜೆ ಐದರ ಹೊತ್ತಿಗೆ ಚಂದ್ರಾಂಬರ ಮನೆಯ ಆಳು ಎರಡು ದೊಡ್ಡ ಬುಟ್ಟಿ ಹೊರಿಸಿಕೊಂಡು ಅಂಗಡಿಗೆ ಬಂದ. ಬುಟ್ಟಿ ತುಂಬ ಮಾಗಿದ ಬಾಳೆಹಣ್ಣು, ಸಿಪ್ಪೆಯಲ್ಲಿ ಕಪ್ಪು ಚುಕ್ಕೆ ಬಂದವು, ಅಂಗಡಿಯೆಲ್ಲ ಘಮ್ಮೆಂದಿತು.

"ಅಮ್ಮನವರು ಕಳಿಸವ್ರೆ. ಹಿಂದಿಂದೆಲ್ಲ ಮರೀರಿ ಅಂದ್ರು. ಗಿಡಗಳ ಮುಂದೆ ಇಟ್ಟು ಪೂಜೆ ಮಾಡಿ, ಬೆಳಿಗ್ಗೆ ಎಲ್ಲಾರೂ ಹಂಚ್ಕಂಡು ಸಭೆಗೆ ಬರ್ಬೇಕಂತೆ."

ನಮ್ಮ ಹೆಂಗಸರಿಗೆ ಕಣ್ಣು ತುಂಬಿ ಬಂತು. ಮೇಲಿನ ಬೀದಿಯಿಂದ ಕೆಳಬೀದಿಗೆ ಬುಟ್ಟಿ ಬಂದದ್ದನ್ನು ಯಾರೂ ಕಂಡಿರಲಿಲ್ಲ. "ಎಷ್ಟಾದ್ರೂ ದೊಡ್ಡೋರು ದೊಡ್ಡೋರೇ," ಅಂದಳು ಚಿಕ್ಕವ್ವ. ಹಣ್ಣಿನ ಚಿಪ್ಪುಗಳನ್ನು ಬಿಡಿಸಿ ಪ್ರತಿ ಹಲಗೆಯ ಮೇಲೂ ಕುಂಡಗಳ ನಡುವೆ ಇಟ್ಟರು, ಊದುಬತ್ತಿ ಸಿಗಿಸಿದರು.

ನನ್ನ ಕೆನ್ನೆ ಚುರುಗುಟ್ಟಿತು. ಸೀಬೆಹಣ್ಣಿನ ದಿನದ ಕೆನ್ನೆ ಅದು. ಕಿಟಕಿಮನೆಯೊಳಕ್ಕೆ ಹಣ್ಣು ತರಬಾರದು. ಯಾಕೆ ಅಂತ ನನಗೆ ಗೊತ್ತಿರಲಿಲ್ಲ. ಬರೀ ಒಂದು ಏಟಿನ ನೆನಪು ಇಟ್ಟುಕೊಂಡು ಇಷ್ಟು ಜನರ ಸಂತೋಷದ ನಡುವೆ ನಿಂತು ಏನು ಹೇಳುವುದು? ಬಾಯಿ ತೆರೆದೆ. ಸಿದ್ದಜ್ಜಿ ನನ್ನ ಮುಖ ನೋಡಿಬಿಟ್ಟಳು.

"ಇವಳ್ನ ನೋಡ್ರೇ, ಬಾಳೆಹಣ್ಣು ಎದ್ದು ಬಂದು ಇವಳ್ನೇ ತಿಂದ್ಬುಡ್ತದೆ ಅನ್ನಂಗೆ ನಿಂತವ್ಳೆ."

ಎಲ್ಲರೂ ನಕ್ಕರು, ಅಕ್ಕರೆಯಿಂದಲೇ ನಕ್ಕರು. ನನ್ನ ಕಿವಿ ಬಿಸಿಯಾಯಿತು, ಬಾಯಿ ಮುಚ್ಚಿಕೊಂಡೆ. ತಾನಿನ ಹಿಂದಿದ್ದ ನನ್ನ ಕುಂಡ ತೆಗೆದು ಸೆರಗಿನ ಕೆಳಗೆ ಇಟ್ಟುಕೊಂಡು ಮನೆಗೆ ಬಂದೆ. ಮಾಮ ಅಂಗಡಿಯ ಶಟರು ಎಳೆದ ಸದ್ದು ಬೀದಿಯ ತುದಿಯ ತನಕ ಕೇಳಿಸಿತು.

ಬೆಳಿಗ್ಗೆ ಶಟರು ಎತ್ತಿದಾಗ ಮೊದಲು ಬಂದದ್ದು ಮಾಗಿದ ಹಣ್ಣಿನ ಸಿಹಿವಾಸನೆ. ಆಮೇಲೆ ಮಾಮ ದೀಪ ಹಾಕಿದ. ಹೂಗಳೆಲ್ಲ ಉದುರಿದ್ದವು. ಬಾಡಿರಲಿಲ್ಲ, ಕೊಳೆತಿರಲಿಲ್ಲ. ಇಡಿಯಾಗಿ, ಮುಖ ಮೇಲೆ ಮಾಡಿಕೊಂಡು, ಯಂತ್ರಗಳ ಮೇಲೆ, ನೆಲದ ಮೇಲೆ, ಅರ್ಧ ಹೊಲಿದ ಅಂಗಿಗಳ ಮೇಲೆ ಬಿದ್ದಿದ್ದವು. ಮೂವತ್ತಾರು ಗಿಡದಲ್ಲಿ ಒಂದು ಹೂ ಉಳಿದಿರಲಿಲ್ಲ. ಮುಚ್ಚಿದ ಕೋಣೆಯಲ್ಲಿ ಮಾಗಿದ ಹಣ್ಣಿನ ಗಾಳಿ ತಾಗಿದರೆ ಈ ಗಿಡ ಹೂ ಕಳಚಿ ಹಾಕುತ್ತದೆ. ಆ ಏಟಿನ ಅರ್ಥ ಏಳು ವರ್ಷದ ಮೇಲೆ ನನಗೆ ಹಾಗೆ ತಿಳಿಯಿತು.

ಹೆಂಗಸರು ಒಳಗೆ ಬಂದರು. ಯಾರೋ ಒಬ್ಬಳು ಕೂತು ಉದುರಿದ ಹೂಗಳನ್ನು ಮಡಿಲಿಗೆ ತುಂಬಿಕೊಳ್ಳತೊಡಗಿದಳು, ಮತ್ತೆ ಅಂಟಿಸಬಹುದು ಅನ್ನುವ ಹಾಗೆ. ನಾನು ಹಲಗೆಯ ಮೇಲಿನ ಒಂದು ಚಿಪ್ಪು ಎತ್ತಿ ಗೋಡೆಗೆ ಬೀಸಿದೆ. ಅದು ಜರಿಗಿಡದ ಪಕ್ಕದಲ್ಲಿ ಬಡಿದು ಕೆಳಗೆ ಜಾರಿತು. ಚಂದ್ರಾಂಬರ ಮೇಲೆ ಎಷ್ಟು ಸಿಟ್ಟಿತ್ತೋ ಅದಕ್ಕಿಂತ ಹೆಚ್ಚು ನನ್ನ ನಾಲಗೆಯ ಮೇಲಿತ್ತು. ನಿನ್ನೆ ಒಂದು ಮಾತು, ಒಂದೇ ಒಂದು ಮಾತು ಸಾಕಾಗಿತ್ತು. ಈ ಬೆಂಕಿ ನನ್ನ ಜೊತೆಗೇ ಇರುತ್ತದೆ, ಇರಲಿ.

"ಇನ್ನೇನು, ಮನೀಗ್ ನಡೀರಿ," ಅಂದಳು ಸಿದ್ದಜ್ಜಿ.

"ಸಭೆಗೆ ನಡೀರಿ," ಅಂದೆ. "ನಂದೊಂದು ಐತೆ."

ಮನೆಗೆ ಓಡಿಹೋಗಿ ಕುಂಡ ತಂದೆ. ಚಿಕ್ಕವ್ವ ಹೂವನ್ನು ನೋಡಿದಳು, ಬಹಳ ಹೊತ್ತು ನೋಡಿದಳು. "ನಿಮ್ಮವ್ವಂದು ತಿಳಿ ನೀಲಿ ಕಣೇ. ಅವಳ ಎಲೆಯಿಂದಲೇ ಬಂದಿದ್ದು ನಿಂದು. ಇದ್ಯಾಕೆ ಈ ಬಣ್ಣ?" ಅಂದಳು. ನಾನು ಕುಂಡ ಎತ್ತಿಕೊಂಡು ಮುಂದೆ ನಡೆದೆ. ಅವಳಿಗೇ ಗೊತ್ತಾಗಿರಬೇಕು, ಮತ್ತೆ ಕೇಳಲಿಲ್ಲ.

ಸಭಾಮನೆಯ ಮುಂದಿನ ಸಾಲಿನಲ್ಲಿ ಅದೇ ಹನ್ನೊಂದು ಜನ, ತುದಿಯಲ್ಲಿ ಚಂದ್ರಾಂಬ. ನಮ್ಮವರು ಬರೀ ಎಲೆಯ ಕುಂಡಗಳನ್ನು ಹಿಡಿದು ಒಳಗೆ ಬಂದಾಗ ಅಚ್ಯುತಯ್ಯ ಹಿಂದಕ್ಕೆ ತಿರುಗಿ ನೋಡಿ ಕಾಲು ನೀಡಿಕೊಂಡ. ತಿಮ್ಮರಸಯ್ಯ ವಿಷಯ ಓದಿದ. "ಬೇಡ ಅನ್ನುವವರು?" ಅಂದ.

ಎದ್ದು ನಿಂತೆ. ತಲೆಗಳು ತಿರುಗಿದವು. ಬೆಂಚಿನ ಮೇಲೆ ನಿಂತ ಆ ಮೂರು ತಿಂಗಳು ಪೂರಾ ಕಣ್ಣ ಮುಂದೆ ಬಂತು. ತಿಮ್ಮರಸಯ್ಯ ಹೂವನ್ನು ನೋಡಿ ಪೆನ್ನು ಎತ್ತಿಕೊಂಡು ಕಾದ. ಮಾತು ಬರಲಿಲ್ಲ.

ಚಂದ್ರಾಂಬ ನನ್ನನ್ನು ನೋಡಲಿಲ್ಲ, ನನ್ನ ಗಿಡವನ್ನು ನೋಡಿದರು. ಒಳ್ಳೆಯ ಗಿಡ ಕಂಡಾಗ ಅವರ ಕಣ್ಣು ಕಿರಿದಾಗುತ್ತದೆ, ಹಾಗೆಯೇ ಆಯಿತು. ಆಮೇಲೆ ಮೆಲ್ಲಗೆ ಕೇಳಿದರು. "ಬ್ಯಾಡ್ವೇನೇ ದೇವೀರಿ? ಬಾಳೆಹಣ್ಣು ಚೆನ್ನಾಗಿರಲಿಲ್ವಾ?"

"ಬೇಡ," ಅಂದೆ. ಗೋಡೆಗೆ ಬಡಿದು ವಾಪಸ್ಸು ನನ್ನ ಕಿವಿಗೇ ಬರುವಷ್ಟು ಜೋರಾಗಿ ಅಂದೆ.

"ಬೇಡ, ಒಂದು," ಅಂತ ತಿಮ್ಮರಸಯ್ಯ ಬರೆದುಕೊಂಡ. ಅವನು ಮುಂದಿನದು ಬರೆಯಲು ಪುಟ ತಿರುಗಿಸುವಷ್ಟರಲ್ಲಿ ನಾನು ನನ್ನ ಕುಂಡವನ್ನು ಎಡಗೈಯಲ್ಲಿ ಅವುಚಿಕೊಂಡು ಮುಂದಿನ ಸಾಲಿಗೆ ಹೋಗಿದ್ದೆ.

ಏಳು ವರ್ಷ ವಾರಕ್ಕೊಮ್ಮೆ ಈ ಹನ್ನೊಂದು ಜನರ ಮನೆಗಳಿಗೂ ಹೋಗಿ ಅವರ ಗಿಡಗಳ ಒಣಗಿದ ಹೂ ತೆಗೆದವಳು ನಾನು. ಅವರಿಗೆ ನನ್ನ ಕೈ ಕುಂಡದ ಹತ್ತಿರ ಬರುವುದು ಹೊಸದಲ್ಲ. ಮೊದಲನೇ ಕುಂಡದ ಹೂಗೊಂಚಲುಗಳ ಬುಡಕ್ಕೆ ಉಗುರು ಹಾಕಿ ತಿರುವಿದೆ. ಕುಂಡದ ಒಡೆಯ ಪಕ್ಕದವನ ಹತ್ತಿರ ಮಾತಾಡುತ್ತಲೇ ಇದ್ದ. ಎರಡನೆಯದು. ಮೂರನೆಯದು. ಅಚ್ಯುತಯ್ಯನ ಹೆಂಡತಿ ನನಗೆ ಅನುಕೂಲವಾಗಲಿ ಅಂತ ತಮ್ಮ ಕುಂಡವನ್ನು ತಾವೇ ತಿರುಗಿಸಿ ಕೊಟ್ಟರು. ಒಂದು ಗಿಡಕ್ಕೆ ಎರಡು ಉಸಿರಿನಷ್ಟು ಹೊತ್ತು. ಅಚ್ಯುತಯ್ಯನದು ಹತ್ತನೆಯದು. ಅವನು ತನ್ನ ಕುಂಡ ನೋಡಿದ, ನನ್ನ ಮಡಿಲು ನೋಡಿದ, ಬಾಯಿ ಅಗಲಿಸಿದ. ಆಗಲೇ ತಡವಾಗಿತ್ತು.

ಉಳಿದವರು ಚಂದ್ರಾಂಬ. ಅವರು ಎಲ್ಲವನ್ನೂ ಕಂಡಿದ್ದರು. "ತಿಮ್ಮರಸಯ್ಯ, ಹಿಡಿರಿ ಇವಳನ್ನ," ಅಂದರು. ಅವರ ಗಿಡದಲ್ಲಿ ಇನ್ನೂ ಹೂವಿತ್ತು, ಹಾಗಾಗಿ ಗುಮಾಸ್ತೆ ತಿರುಗಿದ. ನಾನು ಕೈ ಚಾಚಲಿಲ್ಲ, ಒಂದು ಹೆಜ್ಜೆ ಇಟ್ಟೆ ಅಷ್ಟೆ. ಅವರು ಕುಂಡವನ್ನು ಎರಡೂ ಕೈಯಿಂದ ಬಾಚಿ ಎದೆಗೆ ಒತ್ತಿಕೊಂಡರು. ಈ ಗಿಡದ ತೊಟ್ಟು ಹಸಿ ಹುರುಳಿಕಾಯಿಯಂತೆ, ಒತ್ತಿದರೆ ಲಟಕ್ಕನೆ ಮುರಿಯುತ್ತದೆ. ಏಳು ವರ್ಷದಿಂದ ಅವರು ಒಂದು ಗಿಡವನ್ನೂ ಮುಟ್ಟಿರಲಿಲ್ಲ, ಮುಟ್ಟುತ್ತಿದ್ದವಳು ನಾನು. ಹೂ, ಎಲೆ, ತೊಟ್ಟು ಎಲ್ಲ ಮುರಿದು ಅವರ ಸೀರೆಯ ಮೇಲಿಂದ ಜಾರಿ ಕಾಲ ಹತ್ತಿರ ಬಿದ್ದವು.

ಮಡಿಲಲ್ಲಿದ್ದ ಹೂಗಳನ್ನೆಲ್ಲ ಅವರ ಮುಂದೆ ಸುರಿದೆ. "ಗಿಡ ಗಟ್ಟಿಯಾಗಲಿ ಅಂತ," ಅಂದೆ.

ಆಮೇಲೆ ಗದ್ದಲವೆದ್ದಿತು. ಹನ್ನೊಂದು ಜನವೂ ಎದ್ದು ನಿಂತು ಕೂಗಿದರು. ಅಚ್ಯುತಯ್ಯ ಮೇಜು ಬಡಿದ, ವಿಗ್ಗು ಜಾರಿ ಕಣ್ಣಿಗೆ ಬಂತು. ಹಿಂದಿನ ಸಾಲಿನಿಂದ ಸಿದ್ದಜ್ಜಿ, "ಯಾರೋ ಮಾತಾಡ್ದಂಗಾಯ್ತಲ್ಲೇ ಮಂಚವ್ವ," ಅಂದಳು. "ಗಾಳಿ ಇರ್ಬೇಕು ಬುಡಜ್ಜಿ," ಅಂದಳು ಚಿಕ್ಕವ್ವ. ತಿಮ್ಮರಸಯ್ಯ ಹೂವಿಲ್ಲದ ಹನ್ನೊಂದು ಕುಂಡಗಳನ್ನು ಒಂದೊಂದಾಗಿ ನೋಡಿದ. ಅವನ ಕೈ ತಾನಾಗಿ ಮೇಲೆದ್ದು ಕಿವಿಗೆ ಹೋಯಿತು. ಕಿವಿ ಕೆರೆದುಕೊಳ್ಳುತ್ತ ಕಿಟಕಿಯಾಚೆ ನೋಡಿದ. ನ್ಯಾಯಕ್ಕೆ ಹಾಗೆ ಮಾಡಿದನೋ, ಅಭ್ಯಾಸಕ್ಕೆ ಮಾಡಿದನೋ ಇವತ್ತಿಗೂ ಹೇಳಲಾರೆ.

"ಬೇಕು ಅನ್ನುವವರು?" ಅಂತ ಕೇಳಿ, ಕ್ರಮದಂತೆ ಕಾದ. ಕೂಗಾಟದ ನಡುವೆಯೇ ತಲೆ ಬಗ್ಗಿಸಿ ಬರೆದ. "ಯಾರೂ ಇಲ್ಲ. ವಿಷಯ ಬಿದ್ದಿದೆ." ಆಮೇಲೆ ನನ್ನ ಕಡೆ ತಿರುಗಿದ. ಸಭೆಯಲ್ಲಿ ಆಗ ಹೂವಿದ್ದ ಗಿಡ ನನ್ನದೊಂದೇ.

"ಬೇರೆ ಏನಾದರೂ ಹೇಳುವುದಿದೆಯಾ, ತಾಯಿ?"

"ಇದೆ," ಅಂದೆ. "ಇವರು ಕೂಗ್ತಿರೋದು ನಿಮಗೆ ಕೇಳಿಸ್ತಿದೆ. ನಮ್ಮವರು ಕೂಗಿದ್ದೂ ಕೇಳಿಸ್ತಿತ್ತು. ಅದನ್ನೂ ಬರ್ಕೊಳ್ಳಿ."

ಅವನ ಪೆನ್ನು ಕಾಗದದ ಮೇಲೆ ನಿಂತಿತು. ಕಿವಿಯಿಂದ ಕುತ್ತಿಗೆಯ ತನಕ ಕೆಂಪಾಯಿತು. ಕಿಟಕಿಯ ಕಡೆ ತಿರುಗಲು ಹೋದ, ಆಗಲಿಲ್ಲ. ನಾನು ಕುಂಡವನ್ನು ಅವನ ಮೇಜಿನ ಮೇಲೆ, ಅವನ ಕಣ್ಣಿನ ನೇರಕ್ಕೆ ಇಟ್ಟು ನಿಂತುಕೊಂಡೆ. ಒಂದೊಂದೇ ಅಕ್ಷರವಾಗಿ ಬರೆದುಕೊಂಡ.